ಹನ್ನೆರಡು ಚಿತ್ರಗಳು, ಆರು ಮಕ್ಕಳು, ಒಂದು ಪಟ್ಟಿ

ಸಹೋದರಿಯರೇ, ನಿಮ್ಮ ಮೊಬೈಲ್ ತೆರೆದು 2025ರ ಮಾರ್ಚ್ ಕೊನೆಯ ಫೋಟೋಗಳನ್ನು ಒಮ್ಮೆ ನೋಡಿ. ಈದ್‌ಗೆ ಹೊಸ ಬಟ್ಟೆ ತೊಟ್ಟು ನಿಂತ ಮಕ್ಕಳ ಫೋಟೋ ಇದ್ದೇ ಇರುತ್ತದೆ. ಅದರ ಪಕ್ಕದಲ್ಲಿ ಅದೇ ಮಕ್ಕಳು ದುಂಡು ಮುಖ, ಗುಲಾಬಿ ಕೆನ್ನೆಯ ಕಾರ್ಟೂನ್ ಗೊಂಬೆಗಳಾಗಿ ನಿಂತ ಇನ್ನೊಂದು ಚಿತ್ರವೂ ಇರಬಹುದು. ಆ ವರ್ಷ ಈದುಲ್ ಫಿತ್ರ್ ನಮ್ಮಲ್ಲಿ ಮಾರ್ಚ್ 31ಕ್ಕೆ ಬಂದಿತ್ತು. ಅದಕ್ಕೆ ಐದಾರು ದಿನ ಮೊದಲು ಚಾಟ್‌ಜಿಪಿಟಿಯಲ್ಲಿ ಹೊಸ ಸೌಲಭ್ಯ ಬಂದಿತು. ನಿಮ್ಮ ಫೋಟೋ ಕೊಟ್ಟರೆ ಅರೆಗಳಿಗೆಯಲ್ಲಿ 'ಜಿಬ್ಲಿ' ಶೈಲಿಯ ಚಿತ್ರ ಮಾಡಿ ಕೊಡುತ್ತಿತ್ತು. ರಂಜಾನ್‌ನ ಕೊನೆಯ ಹತ್ತು ದಿನಗಳಲ್ಲಿ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ದುಆಗಳಿಗಿಂತ ಹೆಚ್ಚಾಗಿ ಈ ಚಿತ್ರಗಳೇ ಓಡಾಡಿದವು ಎಂದು ಹೇಳಿದರೆ ಸುಳ್ಳಾಗದು.

ಎಲ್ಲರೂ ಹಿಗ್ಗಿದಾಗ ಒಬ್ಬಳು ಮಾತ್ರ ಸಿಟ್ಟಾದಳು. ಅಥಣಿಯ ನನ್ನ ತಂಗಿಯ ಮಗಳು. "ಬಡಿ ಖಾಲಾ, ಇದನ್ನು ಬರೆದ ಮುದುಕನ ಹೆಸರು ನಿಮ್ಮಲ್ಲಿ ಯಾರಿಗಾದರೂ ಗೊತ್ತಾ?" ಎಂದು ನನಗೆ ಧ್ವನಿ ಸಂದೇಶ ಕಳಿಸಿದಳು. ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಪಾಠ ಹೇಳಿದವಳಿಗೆ, ಗೊತ್ತಿಲ್ಲ ಎಂದು ಮಗುವಿನ ಮುಂದೆ ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟವೇ.

ಆ ಹೆಸರು ಹಯಾವೊ ಮಿಯಾಜಾಕಿ. 1941ರ ಜನವರಿ 5ರಂದು ಟೋಕಿಯೋದಲ್ಲಿ ಹುಟ್ಟಿದವರು. ಕೈಯಿಂದ ಚಿತ್ರ ಬರೆದು ಸಿನಿಮಾ ಮಾಡುವವರು. ಜಪಾನಿನ ಇಂಥ ಚಿತ್ರಗಳಿಗೆ 'ಅನಿಮೆ' ಎನ್ನುತ್ತಾರೆ. 1979ರಿಂದ 2023ರವರೆಗೆ ಅವರು ನಿರ್ದೇಶಿಸಿದ ದೊಡ್ಡ ಚಿತ್ರಗಳು ಹನ್ನೆರಡು. 1985ರಲ್ಲಿ ಗೆಳೆಯರೊಡನೆ ಅವರು ಕಟ್ಟಿದ ಸಂಸ್ಥೆಯೇ ಸ್ಟುಡಿಯೋ ಜಿಬ್ಲಿ.

ಅನಿಮೆ ಎಂದರೆ ಹೊಸ ಕಾಲದ ಹುಡುಗರ ಹುಚ್ಚು ಎಂದುಕೊಳ್ಳಬೇಡಿ. ನನ್ನ ವಯಸ್ಸಿನವರಾದರೆ ನೀವೂ ಅದನ್ನು ನೋಡಿದ್ದೀರಿ. 1993ರ ಭಾನುವಾರಗಳಂದು ದೂರದರ್ಶನದಲ್ಲಿ ಹಿಂದಿಯಲ್ಲಿ ಬರುತ್ತಿದ್ದ 'ಜಂಗಲ್ ಬುಕ್' ನೆನಪಿದೆಯೇ? ಗುಲ್ಜಾರ್ ಅವರು ಹಾಡು ಬರೆದದ್ದು, ಶೇರ್ ಖಾನನಿಗೆ ನಾನಾ ಪಾಟೇಕರ್ ದನಿ ಕೊಟ್ಟದ್ದು. ಟಿ.ವಿ. ಇದ್ದ ಮನೆಯ ಪಡಸಾಲೆಯಲ್ಲಿ ಇಡೀ ಓಣಿಯ ಮಕ್ಕಳು ಸೇರಿ ನೋಡಿದ ಆ ಮೋಗ್ಲಿ ಜಪಾನಿನಲ್ಲೇ ತಯಾರಾದವನು. ನಮಗೆ ಅದು ತಿಳಿದಿರಲಿಲ್ಲ, ಅಷ್ಟೇ.

ಇನ್ನು 'ಜಿಬ್ಲಿ' ಎಂಬ ಶಬ್ದದ ವಿಷಯ. ಮದ್ರಸಾದಲ್ಲಿ ಅರಬಿ ಓದಿದವಳು ನಾನು. ಬಿ.ಎ. ಆಮೇಲೆ ಕಟ್ಟಿ ಪಾಸು ಮಾಡಿದ್ದು. ಶಬ್ದ ಕಂಡರೆ ಅದರ ಬೇರು ಹುಡುಕುವ ಚಟ ನನ್ನನ್ನು ಬಿಟ್ಟಿಲ್ಲ. ಎರಡನೇ ಮಹಾಯುದ್ಧದ ಕಾಲದ ಇಟಲಿಯ ವಿಮಾನವೊಂದಕ್ಕೆ 'ಗಿಬ್ಲಿ' ಎಂದು ಹೆಸರಿತ್ತು. ವಿಮಾನಗಳ ಹುಚ್ಚಿದ್ದ ಮಿಯಾಜಾಕಿ ಅದನ್ನೇ ತಮ್ಮ ಸಂಸ್ಥೆಗೆ ಇಟ್ಟರು. ಜಪಾನಿಯರ ಬಾಯಲ್ಲಿ ಅದು 'ಜಿಬುರಿ' ಆಯಿತು. ಇಟಲಿಯವರಿಗೆ ಆ ಶಬ್ದ ಸಿಕ್ಕಿದ್ದು ಲಿಬಿಯಾದ ಅರಬರಿಂದ. ಮರಳುಗಾಡಿನಿಂದ ಬೀಸುವ ಬಿಸಿಗಾಳಿಗೆ ಅವರು 'ಕಿಬ್ಲಿ' ಎನ್ನುತ್ತಾರೆ, ಎಂದರೆ ಕಿಬ್ಲಾದ ದಿಕ್ಕಿನಿಂದ ಬರುವ ಗಾಳಿ! ಇದನ್ನು ಹೇಳಿದಾಗ ಮಕ್ಕಳು ನನ್ನನ್ನು ಮೊದಲ ಸಲ ತಮ್ಮ ಗುಂಪಿಗೆ ಸೇರಿಸಿಕೊಂಡರು.

ನಿಪ್ಪಾಣಿಯ ಮನೆಯಲ್ಲಿ

ನನ್ನ ತವರು ನಿಪ್ಪಾಣಿ. ನನ್ನನ್ನು ಚಿಕ್ಕೋಡಿಗೆ ಕೊಟ್ಟರು, ತಂಗಿಯರನ್ನು ರಾಯಬಾಗಕ್ಕೆ, ಅಥಣಿಗೆ, ಕಾಗವಾಡ ತಾಲ್ಲೂಕಿನ ಕೃಷ್ಣೆಯ ದಂಡೆಯ ಒಂದು ಹಳ್ಳಿಗೆ ಕೊಟ್ಟರು. ತಮ್ಮ ನಿಪ್ಪಾಣಿಯಲ್ಲೇ ಇದ್ದಾನೆ. ಮೇ ತಿಂಗಳ ರಜೆಗೆ ಎಲ್ಲರೂ ಅಮ್ಮಿಯ ಮನೆಗೆ ಬರುವುದು ಪದ್ಧತಿ. ಹಿಂದೆ ಮಕ್ಕಳು ಬಂದರೆ ಮಾವಿನಕಾಯಿ, ಲಗೋರಿ, ಜಗಳ. ಈಗ ಮಾವಿನಕಾಯಿ, ಮೊಬೈಲು, ಜಗಳ. ಆ ವರ್ಷ ಅಥಣಿಯವಳು ಎಲ್ಲರಿಗೂ ಮಿಯಾಜಾಕಿಯ ಹುಚ್ಚು ಹಿಡಿಸಿಬಿಟ್ಟಳು. ಭಾರತದಲ್ಲಿ ಈ ಚಿತ್ರಗಳಲ್ಲಿ ಹೆಚ್ಚಿನವು 2020ರಿಂದ ನೆಟ್‌ಫ್ಲಿಕ್ಸ್‌ನಲ್ಲಿವೆ. ತಮ್ಮನ ಮನೆಯ ಟಿ.ವಿ.ಗೆ ಅದನ್ನು ಜೋಡಿಸಿ ದಿನಕ್ಕೆ ಒಂದರಂತೆ ನೋಡತೊಡಗಿದರು.

ನಾನು ಮೊದಲು ಕುಳಿತದ್ದು ಕಾವಲಿಗೆ. ಮಕ್ಕಳು ಏನು ನೋಡುತ್ತಾರೆ ಎಂದು ತಿಳಿಯಬೇಕಲ್ಲ. ಮಾಟಗಾತಿ ಇದ್ದಾಳಂತೆ, ದೈವ ದೆವ್ವಗಳಿವೆಯಂತೆ ಎಂದು ರಾಯಬಾಗದ ತಂಗಿ ಮೊದಲೇ ಕಿವಿ ಕಚ್ಚಿದ್ದಳು. ಇದ್ದವು. ಜಪಾನಿನ ಜನಪದದಲ್ಲಿ ಎಂಬತ್ತು ಲಕ್ಷ ದೈವಗಳೆಂಬ ಮಾತಿದೆ. 'ಸ್ಪಿರಿಟೆಡ್ ಅವೇ' ಚಿತ್ರದಲ್ಲಿ ಅವೆಲ್ಲ ಸ್ನಾನಕ್ಕೆ ಬರುವ ಒಂದು ಹಮಾಮ್‌ಖಾನೆಯೇ ಇದೆ. ಇದು ಅವರ ಕಥೆ, ಅವರ ನಂಬಿಕೆ, ಕಥೆಯನ್ನು ಕಥೆಯಾಗಿ ನೋಡಿ ಎಂದು ಮೊದಲ ದಿನವೇ ಹೇಳಿದೆ. ಹುಡುಗಿಯರು ನನ್ನ ಮುಖ ನೋಡಿದರು. "ಖಾಲಾ, ಅಷ್ಟು ನಮಗೂ ಗೊತ್ತು" ಎಂಬ ಭಾವ ಆ ಮುಖಗಳಲ್ಲಿತ್ತು. ಎರಡನೆಯ ದಿನ ನಾನು ಕಾವಲು ಮರೆತೆ. ಮೂರನೆಯ ದಿನ ಅಡುಗೆ ಬೇಗ ಮುಗಿಸಿ ಬಂದು ಕುಳಿತೆ.

ಅಮ್ಮಿಯೂ ಬಂದರು. ಮಾತು ಜಪಾನಿಯದು, ಕೆಳಗೆ ಇಂಗ್ಲಿಷ್ ಅಕ್ಷರ. ಅಮ್ಮಿಗೆ ಎರಡೂ ಬಾರವು. ಮೊಮ್ಮಕ್ಕಳು ಸರದಿಯ ಮೇಲೆ ಪಕ್ಕದಲ್ಲಿ ಕುಳಿತು ನಮ್ಮ ಮನೆಮಾತಿನಲ್ಲಿ ಹೇಳುತ್ತಿದ್ದರು. ತಮ್ಮನ ಮಗನ ಸರದಿ ಬಂದರೆ ಕಥೆಯಲ್ಲಿ ಇಲ್ಲದ ಮಾತುಗಳೂ ಸೇರುತ್ತಿದ್ದವು.

ಚಿತ್ರಗಳು ಮುಗಿಯುತ್ತ ಬಂದಾಗ ಯಾವುದು ಮೊದಲು, ಯಾವುದು ಕೊನೆ ಎಂಬ ಜಗಳ ಹತ್ತಿತು. ಇದು ನಮ್ಮ ಮನೆಯ ಜಗಳವಷ್ಟೇ ಆಗಿರಲಿಲ್ಲ. ಈ ಚಿತ್ರಗಳನ್ನು ಮೆಚ್ಚಿದವರು ಜಗತ್ತಿನಲ್ಲಿ ಎಲ್ಲೇ ಸೇರಿದರೂ ಪಟ್ಟಿ ಮಾಡದೆ ಏಳುವುದಿಲ್ಲ. ದೊಡ್ಡವರೂ ಮಾಡಿದ್ದಾರೆ. 2016ರಲ್ಲಿ ಬಿ.ಬಿ.ಸಿ. ವಿಮರ್ಶಕರನ್ನು ಕೇಳಿ ಮಾಡಿದ ಈ ಶತಮಾನದ ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ 'ಸ್ಪಿರಿಟೆಡ್ ಅವೇ' ನಾಲ್ಕನೆಯದು. 2022ರಲ್ಲಿ ಬ್ರಿಟನ್ನಿನ 'ಸೈಟ್ ಆ್ಯಂಡ್ ಸೌಂಡ್' ಪತ್ರಿಕೆ ಎಲ್ಲ ಕಾಲದ ನೂರು ಚಿತ್ರಗಳನ್ನು ಆರಿಸಿದಾಗ 'ಮೈ ನೇಬರ್ ಟೊಟೊರೊ' 72ನೆಯ ಜಾಗದಲ್ಲೂ 'ಸ್ಪಿರಿಟೆಡ್ ಅವೇ' 75ನೆಯ ಜಾಗದಲ್ಲೂ ನಿಂತವು. ಪಂಡಿತರಲ್ಲೇ ಹೀಗೆ ಮೇಲೆ ಕೆಳಗೆ ಆಗಿರುವಾಗ ನಮ್ಮ ಆರು ಮಕ್ಕಳಲ್ಲಿ ಒಮ್ಮತ ಹೇಗೆ ಬಂದೀತು?

ಟೀಚರ್ ಎಂಬ ಕಾರಣಕ್ಕೆ ಅಂಕ ಕೂಡಿಸುವ ಕೆಲಸ ನನಗೆ ಬಂತು. ಪ್ರತಿಯೊಬ್ಬರೂ ತಮಗೆ ಬಹಳ ಇಷ್ಟವಾದ ಚಿತ್ರಕ್ಕೆ 12 ಅಂಕ, ಆಮೇಲಿನದಕ್ಕೆ 11, ಹೀಗೆ ಇಳಿಸುತ್ತ ಕೊನೆಯದಕ್ಕೆ 1 ಕೊಡಬೇಕು. ಹಾಜರಿ ಪುಸ್ತಕದಂತೆ ಗೆರೆ ಎಳೆದು ಕೊಟ್ಟೆ. ಜೊತೆಗೆ ಒಂದು ಶರತ್ತು: ಏಕೆ ಎಂದು ಒಂದು ಮಾತು ಹೇಳಬೇಕು.

ಹೆಸರು ಕಳೆದುಕೊಂಡ ಹುಡುಗಿ

'ಸ್ಪಿರಿಟೆಡ್ ಅವೇ' 2001ರದು. ಬರ್ಲಿನ್ ಚಿತ್ರೋತ್ಸವದಲ್ಲಿ 2002ರಲ್ಲಿ ಚಿನ್ನದ ಕರಡಿ ಪ್ರಶಸ್ತಿ ಪಡೆಯಿತು. 2003ರಲ್ಲಿ ಆಸ್ಕರ್ ಬಂತು. ಆ ಸಮಾರಂಭಕ್ಕೆ ಮಿಯಾಜಾಕಿ ಹೋಗಲಿಲ್ಲ. ಇರಾಕಿನ ಮೇಲೆ ಬಾಂಬ್ ಹಾಕುತ್ತಿರುವ ದೇಶಕ್ಕೆ ಹೋಗಲು ಮನಸ್ಸಾಗಲಿಲ್ಲ ಎಂದು ವರ್ಷಗಳ ನಂತರ ಹೇಳಿದರು. ಈ ಮಾತು ತಿಳಿದ ಮೇಲೆ ಅಮ್ಮಿ ಅವರನ್ನು 'ಮುದುಕ' ಎನ್ನುವುದನ್ನು ಬಿಟ್ಟು 'ಬಡೇ ಮಿಯಾಂ' ಎನ್ನತೊಡಗಿದರು.

ಹತ್ತು ವರ್ಷದ ಚಿಹಿರೊ ಎಂಬ ಹುಡುಗಿ ತಂದೆತಾಯಿಯೊಡನೆ ದಾರಿ ತಪ್ಪಿ ಆ ಮಾಯಾಲೋಕಕ್ಕೆ ಬರುತ್ತಾಳೆ. ಯಾರದೋ ಅಂಗಡಿಯ ಊಟವನ್ನು ಕೇಳದೇ ತಿಂದ ತಂದೆತಾಯಿ ಹಂದಿಗಳಾಗುತ್ತಾರೆ. ಅವರನ್ನು ಬಿಡಿಸಿಕೊಳ್ಳಲು ಅವಳು ಆ ಹಮಾಮ್‌ಖಾನೆಯಲ್ಲಿ ಕೆಲಸಕ್ಕೆ ಸೇರಬೇಕು. ಅಲ್ಲಿನ ಯಜಮಾನಿ ಕರಾರು ಪತ್ರದ ಮೇಲೆ ಕೈಯಾಡಿಸಿ ಹುಡುಗಿಯ ಹೆಸರಿನ ಅಕ್ಷರಗಳನ್ನೇ ಕಿತ್ತುಕೊಳ್ಳುತ್ತಾಳೆ. ಒಂದೇ ಒಂದು ಅಕ್ಷರ ಉಳಿಯುತ್ತದೆ, ಇನ್ನು ಮುಂದೆ ಅವಳು 'ಸೆನ್'. ತನ್ನ ನಿಜವಾದ ಹೆಸರು ಮರೆತವರು ಮನೆಯ ದಾರಿಯನ್ನೂ ಮರೆಯುತ್ತಾರೆ.

ಇದಕ್ಕೆ 12 ಅಂಕ ಕೊಟ್ಟವರಲ್ಲಿ ರಾಯಬಾಗದ ತಂಗಿಯ ದೊಡ್ಡ ಮಗಳೂ ಒಬ್ಬಳು. ಕಾರಣ ಕೇಳಿದರೆ, "ನನ್ನ ಮಾರ್ಕ್ಸ್ ಕಾರ್ಡ್ ನೆನಪಾಯ್ತು" ಎಂದಳು.

ಗಡಿನಾಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಮಕ್ಕಳ ಹೆಸರು ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಗಡಿ ದಾಟಿದರೆ ಮರಾಠಿ, ಕಾಗದದ ಮೇಲೆ ಇಂಗ್ಲಿಷ್. ಫಾತಿಮಾ ಒಂದು ಕಡೆ ಪಾತೀಮಾ, ಇನ್ನೊಂದು ಕಡೆ ಪಾತುಮಾ. ರುಖಿಯಾ ಎಂಬವಳು ರುಕ್ಯಾ. ಜನ್ಮ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಮತ್ತೊಂದು, ಅಂಕಪಟ್ಟಿಯಲ್ಲಿ ಮಗದೊಂದು. ಈ ಹುಡುಗಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಎರಡನೆಯ ಭಾಗವೇ ಬಿಟ್ಟುಹೋಗಿತ್ತು. ವಿದ್ಯಾರ್ಥಿವೇತನದ ಅರ್ಜಿ ತಿರಸ್ಕಾರವಾಯಿತು. ತಿದ್ದಿಸಲು ಅವಳ ಅಬ್ಬಾ ಒಂದು ಕಚೇರಿಯಿಂದ ಇನ್ನೊಂದಕ್ಕೆ ಏಳೆಂಟು ಸಲ ಅಲೆದರು, ಅಷ್ಟು ದಿನದ ಕೂಲಿಯೂ ಹೋಯಿತು. ಶಾಲೆಯ ದಾಖಲಾತಿಯ ದಿನ ನಾನೇ ಎಷ್ಟೋ ಹೆಸರುಗಳನ್ನು ಕೇಳಿದ ಹಾಗೆ ಬರೆದುಕೊಂಡಿದ್ದೇನೆ, ತಾಯಂದಿರನ್ನು ಎರಡನೆಯ ಸಲ ಕೇಳುವ ಪುರುಸೊತ್ತು ಮಾಡಿಕೊಂಡಿಲ್ಲ. ಆ ಯಜಮಾನಿ ಕಾಗದದ ಮೇಲೆ ಕೈಯಾಡಿಸಿದ ದೃಶ್ಯ ಬಂದಾಗ ನಾನು ಎದ್ದು ನೀರು ಕುಡಿಯಲು ಹೋದೆ.

ಟೊಟೊರೊ ಮತ್ತು ಕಿಕಿ

'ಮೈ ನೇಬರ್ ಟೊಟೊರೊ' 1988ರದು. ಕಥೆ ಎನ್ನುವಂಥ ಕಥೆಯೇ ಇಲ್ಲ. ತಾಯಿ ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದಾಳೆ. ತಂದೆ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಹಳ್ಳಿಯ ಹಳೆಯ ಮನೆಗೆ ಬರುತ್ತಾನೆ. ಪಕ್ಕದ ಮರದಲ್ಲಿ ದೊಡ್ಡ ತುಪ್ಪಳದ ಪ್ರಾಣಿಯೊಂದು ವಾಸವಾಗಿದೆ. ಮಿಯಾಜಾಕಿಯ ತಾಯಿ ಬೆನ್ನುಮೂಳೆಯ ಕ್ಷಯದಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು, ಮಗ ಆಗ ಸಣ್ಣವನು. ದೊಡ್ಡ ಹುಡುಗಿ ತಂಗಿಯ ಬುತ್ತಿ ಕಟ್ಟುತ್ತಾಳೆ, ತಲೆ ಬಾಚುತ್ತಾಳೆ, ಅಳು ಬಂದರೂ ತಡೆದುಕೊಳ್ಳುತ್ತಾಳೆ. ಕೊನೆಗೊಮ್ಮೆ ಪಕ್ಕದ ಮನೆಯ ಅಜ್ಜಿಯ ಮುಂದೆ ಅವಳ ಕಟ್ಟೆ ಒಡೆಯುತ್ತದೆ. ಹಿರಿಮಗಳಾಗಿ ಹುಟ್ಟಿದ ಓದುಗರು ಈ ಚಿತ್ರ ನೋಡುವಾಗ ಸೆರಗು ಹತ್ತಿರವಿಟ್ಟುಕೊಳ್ಳಿ. ನಾನು ಹಿರಿಮಗಳು. ನನ್ನನ್ನೂ ಪಟ್ಟಿಗೆ ಸೇರಿಸಿದ್ದರೆ 12 ಇದಕ್ಕೇ ಕೊಡುತ್ತಿದ್ದೆ.

ಈ ಚಿತ್ರ ಬಿಡುಗಡೆಯಾದ ದಿನ ಅದೇ ಟಿಕೆಟ್ಟಿಗೆ ಜಿಬ್ಲಿಯ ಇನ್ನೊಂದು ಚಿತ್ರವನ್ನೂ ತೋರಿಸಿದರು. 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್'. 1945ರ ಬಾಂಬ್ ದಾಳಿಯಲ್ಲಿ ತಾಯಿಯನ್ನು ಕಳೆದುಕೊಂಡ ಅಣ್ಣ ಮತ್ತು ಪುಟ್ಟ ತಂಗಿ, ಹಸಿವಿನಿಂದ ಸಾಯುವ ಮಗು. ನನ್ನ ಮಗಳು ಅದನ್ನೂ ಪಟ್ಟಿಗೆ ಸೇರಿಸಿ ಮೊದಲ ಸ್ಥಾನದಲ್ಲಿ ಬರೆದಿದ್ದಳು. ಅದು ಮಿಯಾಜಾಕಿಯದಲ್ಲ, ಅವರ ಸಂಗಾತಿ ಇಸಾವೊ ತಕಾಹಾತಾ ಅವರದು ಎಂದು ಅಥಣಿಯವಳು ತಕರಾರು ತೆಗೆದಳು. ನಿಯಮದ ಪ್ರಕಾರ ಅವಳು ಸರಿ. ಗಾಝಾದ ಮಕ್ಕಳ ಚಿತ್ರಗಳನ್ನು ದಿನಾ ನೋಡುತ್ತಿದ್ದ ದಿನಗಳವು. ಮಗಳು ವಾದಿಸಲಿಲ್ಲ, ಹೆಸರನ್ನು ಹೊಡೆದುಹಾಕಲೂ ಇಲ್ಲ. ಪಟ್ಟಿಯ ಹೊರಗೆ, ಅಂಚಿನಲ್ಲಿ ಅದು ಹಾಗೇ ಉಳಿಯಿತು.

'ಕಿಕೀಸ್ ಡೆಲಿವರಿ ಸರ್ವಿಸ್' 1989ರದು. ಹದಿಮೂರು ವರ್ಷದ ಹುಡುಗಿ ತನ್ನವರ ಪದ್ಧತಿಯಂತೆ ಮನೆ ಬಿಟ್ಟು ಬೇರೆ ಊರಿಗೆ ಹೋಗಿ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿದ್ದು ಪೊರಕೆಯ ಮೇಲೆ ಹಾರಿ ಪಾರ್ಸೆಲ್ ಮುಟ್ಟಿಸುತ್ತಾಳೆ. ಒಂದು ದಿನ ಅವಳಿಗೆ ಹಾರಲು ಬಾರದಂತಾಗುತ್ತದೆ. ಯಾರೂ ಶಪಿಸಿಲ್ಲ, ಏನೂ ಆಗಿಲ್ಲ, ಸುಮ್ಮನೆ ಬರುವುದಿಲ್ಲ. ಓದಿನಲ್ಲಿ ಮುಂದಿದ್ದ ಹುಡುಗಿ ಒಂಬತ್ತನೆಯ ತರಗತಿಗೆ ಬಂದು ಇದ್ದಕ್ಕಿದ್ದಂತೆ ಮಂಕಾಗುವುದನ್ನು ಎಷ್ಟು ಸಲ ಕಂಡಿದ್ದೇನೆ! ತಾಯಂದಿರನ್ನು ಕರೆಸಿ, "ಮೊಬೈಲ್ ಕೊಡಬೇಡಿ" ಎಂದಷ್ಟೇ ಹೇಳಿ ಕಳಿಸಿದ್ದೇನೆ. ಚಿತ್ರದಲ್ಲಿ ಕಿಕಿಯ ಗೆಳತಿ, ಒಬ್ಬ ಚಿತ್ರಕಾರ್ತಿ, ಸ್ವಲ್ಪ ದಿನ ಪ್ರಯತ್ನವನ್ನೇ ಬಿಡು, ತಿರುಗಾಡು, ಮಲಗು ಎನ್ನುತ್ತಾಳೆ. ಟೀಚರ್ ತರಬೇತಿಯಲ್ಲಿ ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ತಿದಿ ತುಳಿಯುವ ಹೆಂಗಸರು

ಅಮ್ಮಿಗೆ ಅಂಕ ಹಾಕುವ ಹಕ್ಕಿರಲಿಲ್ಲ. ಆದರೂ ಒಂದು ಚಿತ್ರಕ್ಕೆ ಅವರು ಬಿಗಿಪಟ್ಟು ಹಿಡಿದರು. ಅದು 1997ರ 'ಪ್ರಿನ್ಸೆಸ್ ಮೊನೊನೊಕೆ'. ಕಾಡು ಕಡಿದು ಕಬ್ಬಿಣ ಕರಗಿಸುವ ಊರಿಗೂ ಕಾಡಿನ ಪ್ರಾಣಿಗಳಿಗೂ ನಡುವಿನ ಯುದ್ಧದ ಕಥೆ. ರಕ್ತಪಾತ ಬಹಳ, ಸಣ್ಣ ಮಕ್ಕಳಿಗೆ ತೋರಿಸಬೇಡಿ. ಆ ಊರಿನ ಒಡತಿ ಎಬೋಶಿ ಮಾರಾಟವಾದ ಹೆಣ್ಣುಮಕ್ಕಳನ್ನು ಬಿಡಿಸಿ ತಂದು ಕೆಲಸ ಕೊಟ್ಟಿದ್ದಾಳೆ, ಕುಷ್ಠರೋಗಿಗಳನ್ನು ಇಟ್ಟುಕೊಂಡು ಆರೈಕೆ ಮಾಡುತ್ತಾಳೆ. ಆದರೆ ಕಾಡನ್ನು ಸುಡುವವಳೂ ಅವಳೇ. ಒಳ್ಳೆಯವಳೋ ಕೆಟ್ಟವಳೋ ಎಂದು ಮಕ್ಕಳು ಒಂದು ಸಂಜೆ ಪೂರ್ತಿ ಕಾದಾಡಿದರು.

ಅಮ್ಮಿ ನೋಡಿದ್ದು ಅದನ್ನಲ್ಲ. ದೊಡ್ಡ ತಿದಿಯನ್ನು ಸಾಲಾಗಿ ನಿಂತು ಕಾಲಿನಿಂದ ತುಳಿಯುವ ಹೆಂಗಸರು, ಬೆವರು, ನಡುವೆ ಅವರ ನಗೆಚಾಟಿಕೆ. "ನಮ್ಮ ವಖಾರಿಯೇ ಇದು" ಎಂದರು.

ನಿಪ್ಪಾಣಿ ತಂಬಾಕಿನ ಊರು. ಬೀಡಿಗೆ ಹೋಗುವ ತಂಬಾಕನ್ನು ಒಣಗಿಸಿ, ಬಡಿದು, ಜರಡಿ ಹಿಡಿದು ಸೋಸುವ ವಖಾರಿಗಳಲ್ಲಿ ಹೆಂಗಸರದೇ ದುಡಿಮೆ. ಮದುವೆಗೆ ಮೊದಲು ಅಮ್ಮಿಯೂ ಹೋಗುತ್ತಿದ್ದರು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡರೂ ಗಂಟಲು ಉರಿಯುತ್ತಿತ್ತಂತೆ, ರಾತ್ರಿ ರೊಟ್ಟಿ ಮುರಿದರೆ ಕೈಯಿಂದ ಅದೇ ವಾಸನೆ. ಆ ಹೆಂಗಸರು ಸಂಘ ಕಟ್ಟಿ ಹೋರಾಡಿದ್ದು ಈಗಿನ ಹುಡುಗಿಯರಿಗೆ ತಿಳಿಯದು. ದೀಪಾ ಧನರಾಜ್ ಮತ್ತು ಗೆಳತಿಯರ 'ಯುಗಾಂತರ್' ತಂಡ 1982ರಲ್ಲಿ ಅದರ ಮೇಲೆ ಒಂದು ಸಾಕ್ಷ್ಯಚಿತ್ರ ಮಾಡಿತು. ಹೆಸರು 'ತಂಬಾಕು ಚಾಕಿಲಾ ಊಬ್ ಆಲೀ'. ನಮ್ಮೂರ ಹೆಂಗಸರೇ ನಾಯಕಿಯರಾದ ಚಿತ್ರ! ಅಮ್ಮಿಗೆ ಸಂಘದ ನೆನಪಿದೆ, ಪಕ್ಕದ ಓಣಿಯವರು ಅದರಲ್ಲಿದ್ದರು. ಸಿನಿಮಾ ಮಾಡಿದ್ದು ಗೊತ್ತಿರಲಿಲ್ಲ. ಅದನ್ನು ಹುಡುಕಿ ತೋರಿಸಿ ಎಂದು ಮೊಮ್ಮಕ್ಕಳಿಗೆ ಹೇಳಿಟ್ಟಿದ್ದಾರೆ. ಅಮ್ಮಿಯ ಒತ್ತಾಯಕ್ಕೆ ಇಬ್ಬರು ತಮ್ಮ ಅಂಕ ಬದಲಿಸಿದರು. ಚುನಾವಣೆಯಲ್ಲಿ ಹೀಗಾಗಿದ್ದರೆ ದೂರು ಕೊಡಬಹುದಿತ್ತು.

ಪೊನ್ಯೊಗೆ ಒಂದೇ ಅಂಕ

2008ರ 'ಪೊನ್ಯೊ' ಎಲ್ಲರೂ ಮೆಚ್ಚಿದ ಚಿತ್ರ. ಮೀನಿನ ಮರಿಯೊಂದು ಐದು ವರ್ಷದ ಹುಡುಗನನ್ನು ಕಂಡು ತಾನೂ ಮನುಷ್ಯಳಾಗಬೇಕೆಂದು ಹಟ ಹಿಡಿಯುತ್ತದೆ. ಸಮುದ್ರ ಉಕ್ಕಿ ಊರನ್ನೇ ಮುಳುಗಿಸುತ್ತದೆ. ಸುಮಾರು 1 ಲಕ್ಷ 70 ಸಾವಿರ ಚಿತ್ರಗಳನ್ನು ಕೈಯಲ್ಲೇ ಬರೆದು ಮಾಡಿದ್ದಂತೆ. ಬೆಳಗಾದಾಗ ರಸ್ತೆ, ತೋಟಗಳ ಮೇಲೆ ಕನ್ನಡಿಯಂತೆ ನೀರು ನಿಂತಿದೆ. ಕೆಳಗೆ ಬೀದಿಯಲ್ಲಿ ದೊಡ್ಡ ಮೀನುಗಳು ಈಜುತ್ತಿವೆ. ಹುಡುಗ ಹುಡುಗಿ ಆಟಿಕೆಯ ದೋಣಿಯನ್ನು ದೊಡ್ಡದು ಮಾಡಿಕೊಂಡು ಅದರ ಮೇಲೆ ತೇಲಿ ಹೊರಡುತ್ತಾರೆ. ಐವರು ಇದಕ್ಕೆ 9, 10 ಎಂದು ಕೊಟ್ಟಿದ್ದರು. ಕಾಗವಾಡದ ಕಡೆಯ ತಂಗಿಯ ಮಗಳು, ಹದಿನಾಲ್ಕು ವರ್ಷದವಳು, ಕೊಟ್ಟದ್ದು 1.

ಉಳಿದವರು ನಕ್ಕರು. ಬರೆಯುವುದರಲ್ಲಿ ತಪ್ಪಿದಳು ಎಂದುಕೊಂಡೆ. ಇಲ್ಲ ಎಂದಳು. ಕಾರಣ ಹೇಳಬೇಕೆಂಬ ಶರತ್ತು ಇತ್ತಲ್ಲ. "ಆ ನೀರು ಸ್ವಚ್ಛ ಐತಿ" ಎಂದಳು, ಅಷ್ಟೇ.

2019ರ ಆಗಸ್ಟ್. ಮಹಾರಾಷ್ಟ್ರದ ಘಟ್ಟಗಳಲ್ಲಿ ಸುರಿದ ಮಳೆಗೆ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ತುಂಬಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ತಾಲ್ಲೂಕುಗಳ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತ್ತು. ಕುಡಚಿ–ಉಗಾರ ಸೇತುವೆ ಮುಳುಗಿತು. ನಿಪ್ಪಾಣಿಯ ಬಳಿ ಹೆದ್ದಾರಿಗೇ ನೀರು ಬಂದು ಸಂಚಾರ ನಿಂತಿತು. ಆ ವರ್ಷದ ಬಕ್ರೀದ್ ಆಗಸ್ಟ್ 12ಕ್ಕೆ. ತಂಗಿಯ ಕುಟುಂಬ ಆ ಬಕ್ರೀದನ್ನು ಪರಿಹಾರ ಕೇಂದ್ರವಾಗಿದ್ದ ಶಾಲೆಯ ಕೋಣೆಯಲ್ಲಿ ಕಳೆಯಿತು. ನಮಗೆ ಅವರಲ್ಲಿಗೆ ಹೋಗಲು ದಾರಿ ಇರಲಿಲ್ಲ. ಫೋನಿನಲ್ಲಿ ತಂಗಿ ಒಂದೇ ಮಾತು ಹೇಳುತ್ತಿದ್ದಳು, "ಆಪಾ, ನಾವು ಆರಾಮ ಇದ್ದೀವಿ." ಹುಡುಗಿಗೆ ಆಗ ಎಂಟು ವರ್ಷ.

ಆ ಸಂಜೆ ಅವಳು ಬಿಡಿಸಿ ಹೇಳಿದಳು. ನೀರು ಕೆಂಪಗಿತ್ತು, ಮೇಲೆ ಡೀಸೆಲ್ ಜಿಡ್ಡು, ಕಬ್ಬಿನ ರವದಿ. ಬಿಚ್ಚಲು ಆಗದೇ ಉಳಿದ ಎಮ್ಮೆ ಕರು. ಇಳಿದ ಮೇಲೆ ಮನೆಗೆ ಹೋದರೆ ಗೋಡೆಯ ಮೇಲೆ ಅವಳ ಎತ್ತರಕ್ಕಿಂತ ಮೇಲೆ ರಾಡಿಯ ಗೆರೆ, ಕೌದಿಯೊಳಗೆ ಹಾವು. ಅವಳ ಒಂದನೆಯ ತರಗತಿಯಿಂದ ಕೂಡಿಟ್ಟ ಪುಸ್ತಕಗಳು ಒಂದು ಮುದ್ದೆಯಾಗಿದ್ದವು. ಈಗಲೂ ಮಳೆಗಾಲದಲ್ಲಿ ತನ್ನ ಪುಸ್ತಕಗಳನ್ನು ಅಟ್ಟದ ಮೇಲೆ ಇಡುತ್ತಾಳಂತೆ. ಇದನ್ನು ಅವಳ ತಾಯಿಯೂ ನಮಗೆ ಹೇಳಿರಲಿಲ್ಲ. ಆರು ವರ್ಷಗಳಿಂದ ಪ್ರತಿ ರಜೆಯಲ್ಲಿ ಬಂದು ಹೋಗುವ ಹುಡುಗಿ, ನಾವು ಯಾರೂ ಕೇಳಿರಲಿಲ್ಲ.

ಅಥಣಿಯವಳು ವಾದ ಹೂಡಲು ಬಾಯಿ ತೆರೆದಳು. ಅದು ಐದು ವರ್ಷದ ಮಗುವಿನ ಕಣ್ಣಿಗೆ ಕಂಡ ಸಮುದ್ರ, ಸುಂದರವಾಗಿಯೇ ಇರಬೇಕು ಎಂಬುದು ಅವಳ ವಾದ. ಅದರಲ್ಲಿ ಹುರುಳಿಲ್ಲದಿಲ್ಲ. ಮಿಯಾಜಾಕಿಗೆ ಆಪತ್ತು ಗೊತ್ತಿಲ್ಲದೇ ಇಲ್ಲ. 1945ರಲ್ಲಿ ಅವರಿದ್ದ ಉತ್ಸುನೋಮಿಯಾ ನಗರದ ಮೇಲೆ ಬಾಂಬ್ ಬಿದ್ದಾಗ ಅವರಿಗೆ ನಾಲ್ಕು ವರ್ಷ. ಕುಟುಂಬ ಟ್ರಕ್ಕಿನಲ್ಲಿ ತಪ್ಪಿಸಿಕೊಂಡು ಹೋಗುವಾಗ ಮಗುವನ್ನು ಹೊತ್ತವರು ನಮ್ಮನ್ನೂ ಹತ್ತಿಸಿಕೊಳ್ಳಿ ಎಂದು ಕೇಳಿದರಂತೆ. ಟ್ರಕ್ ನಿಲ್ಲಲಿಲ್ಲ. ಅದನ್ನು ಅವರು ಜೀವಮಾನವಿಡೀ ಮರೆಯಲಿಲ್ಲ. ತಂದೆಯ ಮನೆತನದ ಕಾರ್ಖಾನೆ ಯುದ್ಧವಿಮಾನದ ಭಾಗಗಳನ್ನು ತಯಾರಿಸುತ್ತಿತ್ತು ಎಂಬುದೂ ಅವರಿಗೆ ಮುಳ್ಳಾಗಿಯೇ ಉಳಿಯಿತು. ಆ ವಿಮಾನದ ವಿನ್ಯಾಸಕಾರನ ಕಥೆ 2013ರ 'ದಿ ವಿಂಡ್ ರೈಸಸ್', ಯುದ್ಧದ ಕಾಲದಲ್ಲಿ ಬೆಂಕಿಗೆ ತಾಯಿಯನ್ನು ಕಳೆದುಕೊಂಡ ಹುಡುಗನ ಕಥೆ 2023ರ 'ದಿ ಬಾಯ್ ಆ್ಯಂಡ್ ದಿ ಹೆರಾನ್'. ಇವೆರಡನ್ನೂ ಮಕ್ಕಳು ನಡುವೆ ಎಲ್ಲೋ ಹಾಕಿದರು, ವಯಸ್ಸಾದಂತೆ ಮೇಲೇರುವ ಚಿತ್ರಗಳವು ಎಂದು ನನ್ನ ಅನಿಸಿಕೆ.

ಆದರೂ 1ನ್ನು 2 ಮಾಡಲು ಹುಡುಗಿ ಒಪ್ಪಲಿಲ್ಲ. ಮೂರನೆಯ ಸ್ಥಾನಕ್ಕೆ ಬರಬೇಕಿದ್ದ 'ಪೊನ್ಯೊ' ಐದಕ್ಕೆ ಇಳಿಯಿತು. ಯಾರೂ ಮತ್ತೆ ಎಣಿಸಿ ಎಂದು ಕೇಳಲಿಲ್ಲ.

ಕೈಗೆಲಸದ ಮಾತು

ಅಥಣಿಯವಳ ಸಿಟ್ಟಿನ ಕಡೆಗೆ ಮತ್ತೆ ಬರುತ್ತೇನೆ. ಅವಳ ಅಬ್ಬಾ ಚಪ್ಪಲಿ ವ್ಯಾಪಾರಿ. ಅಥಣಿಯ ಸಮಗಾರ ಕುಟುಂಬಗಳು ಮಾಡುವ ಕೊಲ್ಹಾಪುರಿ ಚಪ್ಪಲಿಗಳನ್ನು ಕೊಂಡು ಹೊರಗೆ ಕಳಿಸುತ್ತಾರೆ. ಮೊಳೆ ಹೊಡೆಯದೇ ಚರ್ಮದ ಎಳೆಯಿಂದಲೇ ಹೊಲಿಯುವ ಕೆಲಸ ಅದು. 2019ರಲ್ಲಿ ಇದಕ್ಕೆ ಜಿ.ಐ. ಮಾನ್ಯತೆ ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಸೇರಿದವು. ಆ ಹುಡುಗಿ ಅಂಥ ಅಂಗಳಗಳಲ್ಲಿ ಆಡಿ ಬೆಳೆದವಳು. ಒಂದು ಜೋಡಿಗೆ ಎಷ್ಟು ಹೊತ್ತು ಬೇಕು ಎಂದು ಬಲ್ಲವಳು. 'ದಿ ವಿಂಡ್ ರೈಸಸ್' ಚಿತ್ರದಲ್ಲಿ ಭೂಕಂಪದಿಂದ ಜನ ಓಡುವ ದೃಶ್ಯವೊಂದು ನಾಲ್ಕೇ ಸೆಕೆಂಡಿನದು. ಅದನ್ನು ಬರೆಯಲು ಒಬ್ಬ ಕಲಾವಿದನಿಗೆ ಒಂದು ವರ್ಷ ಮೂರು ತಿಂಗಳು ಹಿಡಿಯಿತು. "ಅದನ್ನು ಒಂದು ಗುಂಡಿ ಒತ್ತಿ ತಗೊಂಡರೆ ಹೇಗೆ ಖಾಲಾ?" ಎಂದು ಅವಳು ಕೇಳಿದಾಗ ಈದ್‌ಗೆ ಕಳಿಸಿದ ನಮ್ಮ ಚಿತ್ರಗಳು ನೆನಪಾಗಿ ನಾಚಿಕೆಯಾಯಿತು. 2016ರಲ್ಲೇ ಯಂತ್ರ ತಾನಾಗಿ ಮಾಡಿದ ವಿಕಾರ ಚಲನೆಯ ಚಿತ್ರವೊಂದನ್ನು ಮಿಯಾಜಾಕಿಗೆ ತೋರಿಸಿದ್ದರು. ಅಂಗವಿಕಲನಾದ ಗೆಳೆಯನೊಬ್ಬ ಕೈ ಎತ್ತಲು ಪಡುವ ಕಷ್ಟವನ್ನು ನೆನಪಿಸಿ, ಇದು ಜೀವಕ್ಕೇ ಅವಮಾನ ಎಂದು ಅವರು ಮುಖಕ್ಕೆ ಹೊಡೆದಂತೆ ಹೇಳಿದರು.

ನಮ್ಮ ರಜೆ ಮುಗಿದ ಮುಂದಿನ ತಿಂಗಳೇ, 2025ರ ಜೂನ್‌ನಲ್ಲಿ, ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಕೊಲ್ಹಾಪುರಿಯಂಥದೇ ಚಪ್ಪಲಿಗಳನ್ನು ತನ್ನದೆಂಬಂತೆ ತೋರಿಸಿತು. ಇಲ್ಲಿ ಗದ್ದಲವಾದ ಮೇಲೆ ಅದು ಭಾರತದ ಕೈಗೆಲಸದಿಂದ ಬಂದದ್ದೆಂದು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರ, ಕರ್ನಾಟಕಗಳ ಚರ್ಮೋದ್ಯಮ ನಿಗಮಗಳೊಡನೆ ಒಪ್ಪಂದಕ್ಕೂ ಬಂತು. ಸುದ್ದಿ ಬಂದ ದಿನ ಅಥಣಿಯಿಂದ ನನಗೆ ಬಂದ ಸಂದೇಶದಲ್ಲಿ ಮಾತೇ ಇರಲಿಲ್ಲ, ಒಂದು ಜೋಡಿ ಚಪ್ಪಲಿಯ ಫೋಟೋ ಮಾತ್ರ ಇತ್ತು. ಕಾರ್ಟೂನ್ ಮಾಡದ ಫೋಟೋ.

ಇನ್ನು ಉಳಿದದ್ದು ಒಂದು ತಕರಾರು. ಹನ್ನೆರಡರಲ್ಲಿ ಹನ್ನೊಂದನ್ನು ಮಾತ್ರ ನೋಡಲಾಗಿತ್ತು. 1992ರ 'ಪೋರ್ಕೊ ರೊಸೊ' ಚಿತ್ರದ ನಾಯಕ ವಿಮಾನ ಹಾರಿಸುವ ಒಂದು ಹಂದಿ. "ಈ ಮನೆಯಲ್ಲಿ ಅದು ಬೇಡ" ಎಂದು ಅಮ್ಮಿ ಮೊದಲೇ ಹೇಳಿದ್ದರು. ಎಲ್ಲರೂ ಅದನ್ನು ನೋಡದೆಯೇ ಹನ್ನೆರಡನೆಯ ಜಾಗಕ್ಕೆ ಹಾಕಿದ್ದರು. ಕಾಗವಾಡದವಳು ಮಾತ್ರ ಆ ಜಾಗವನ್ನು 'ಪೊನ್ಯೊ'ಗೆ ಕೊಟ್ಟು, ಇದನ್ನು ಹನ್ನೊಂದಕ್ಕೆ ಏರಿಸಿದ್ದಳು. ತಮ್ಮನ ಮಗ ಎದ್ದು ನಿಂತ. ನೋಡದೇ ಸಾಕ್ಷಿ ಹೇಳುವುದು ತಪ್ಪೆಂದು ಫುಪ್ಪುವೇ ಪಾಠ ಮಾಡುತ್ತಾರೆ, ಈಗ ನೋಡದೇ ತೀರ್ಪು ಹೇಗೆ ಕೊಟ್ಟಿರಿ ಎಂದ. ನನ್ನ ಬಾಯಿ ಕಟ್ಟಿತು. ಆ ಹಂದಿ ನಿಜವಾಗಿ ಮನುಷ್ಯ, ಮೊದಲನೇ ಮಹಾಯುದ್ಧದ ಪೈಲಟ್, ಮುಸೊಲಿನಿಯ ಸರ್ಕಾರಕ್ಕೆ ತಲೆಬಾಗುವುದಕ್ಕಿಂತ ಹಂದಿಯಾಗಿರುವುದೇ ಲೇಸು ಎನ್ನುವವನು ಎಂದು ದಾದಿಗೆ ವಿವರಿಸಿದ. ಅಮ್ಮಿ ತಸ್ಬೀಹ್ ಎಣಿಸುತ್ತ ಕೇಳಿದರು.

"ಮುಖ ಹಾಗೆ ಯಾಕಾಯ್ತು ಅವನದು?"

"ನೋಡಿದರೆ ತಾನೇ ಗೊತ್ತಾಗೋದು, ದಾದಿ."

"ಅಸರ್ ಆದ ಮೇಲೆ ಹಚ್ಚು. ನಾನು ಕಣ್ಣು ಮುಚ್ಚಿಕೊಂಡು ಕೇಳ್ತೀನಿ."

ಹಚ್ಚಿದ. ಅರ್ಧಕ್ಕೆ ಬಂದಾಗ ತಿರುಗಿ ನೋಡಿದೆ. ಅಮ್ಮಿಯ ಕಣ್ಣು ತೆರೆದಿತ್ತು.